ಒಂದು ಕೆಟಲಿನಷ್ಟು ಸದ್ದಿರುವ ಮನೆ

ಹಾಲ್ಟರ್‌ವೇನ್ ಗ್ರಾಮವು ಪ್ರಶಾಂತವಾಗಿದೆ ಎಂದು ಪ್ರಾಂತೀಯ ಆಡಳಿತವು ಆದೇಶ ಹೊರಡಿಸಿ ಆರು ವರ್ಷಗಳಾಗಿವೆ. ಅದಕ್ಕೂ ಮುಂಚೆ ಮುನ್ನೂರು ವರ್ಷ ಗ್ರಾಮವು ಪ್ರಶಾಂತವಾಗಿಯೇ ಇತ್ತಾದರೂ, ಸೂಕ್ತ ದಾಖಲೆಗಳು ಲಭ್ಯವಿಲ್ಲದ ಕಾರಣ ಅದನ್ನು ಪರಿಗಣಿಸಲಾಗಿಲ್ಲ. ಸದರಿ ಆದೇಶದನ್ವಯ ಊರಿನ ನಲವತ್ತೊಂದು ಮನೆಗಳಿಗೂ ದಿನಕ್ಕೆ ಇಂತಿಷ್ಟು ಎಂದು ಸದ್ದನ್ನು ಹಂಚಲಾಯಿತು. ಚರ್ಚಿನ ಗಂಟೆಗೆ ಪ್ರತ್ಯೇಕ ಪಾಲು ಸಿಕ್ಕಿತು. ಕಾಲುವೆಯ ಕಪ್ಪೆಗಳು ನಿಗದಿತ ಅವಧಿಯೊಳಗೆ ಅರ್ಜಿ ಸಲ್ಲಿಸದೆ ಇದ್ದುದರಿಂದ ಅವುಗಳಿಗೆ ಏನೂ ಸಿಗಲಿಲ್ಲ. ಆದರೂ ಅವು ಕೂಗುತ್ತಿವೆ, ಪ್ರಕರಣ ವಿಚಾರಣೆಯಲ್ಲಿದೆ.

ಇದೊಂದೂ ಲುಬ್ಬರ್ಟನಿಗೆ ಗೊತ್ತಿರಲಿಲ್ಲ. ಅವನೂ ಅವನ ಹೆಂಡತಿ ಹಿಲ್ಕೆಯೂ ರೋಟರ್‌ಡ್ಯಾಮಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದರು. ಕಿಟಕಿಯ ಕೆಳಗೇ ಟ್ರಾಮ್ ತಿರುಗುತ್ತಿತ್ತು. ತಿರುಗುವಾಗಲೆಲ್ಲ ಅದು ಕಿರುಚುತ್ತಿತ್ತು, ಕಪ್ಪು ಸಾಸರಿನ ಮೇಲೆ ಗಡಗಡ ನಡುಗುತ್ತಿತ್ತು. ಹಿಲ್ಕೆಗೆ ಆಗ ಆರು ತಿಂಗಳು.

"ನಮ್ಮ ಮಗು ಇಲ್ಲಿ ಹುಟ್ಟೋದು ಬೇಡ ಕಣೋ. ಅದು ಅತ್ತರೂ ನಮಗೆ ಕೇಳಿಸಲ್ಲ," ಎಂದಳು.

ಹಾಗಾಗಿ ಮನೆ ಹುಡುಕಿದರು. ನಮ್ಮಲ್ಲಿ ಮನೆ ಕೊಳ್ಳುವುದೆಂದರೆ ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆದುಕೊಟ್ಟು, ಇನ್ಯಾರೋ ಹೆಚ್ಚಿಗೆ ಬರೆದರು ಎಂಬ ಪತ್ರಕ್ಕೆ ಕಾಯುವುದು. ಅಂಥ ಹತ್ತೊಂಬತ್ತು ಪತ್ರ ಬಂದವು. ಇಪ್ಪತ್ತನೆಯ ಲಕೋಟೆ ಹಾಲ್ಟರ್‌ವೇನಿನ ಮನೆಗೆ. ಇಟ್ಟಿಗೆ ಗೋಡೆ, ಹಿತ್ತಲಲ್ಲಿ ಸೇಬಿನ ಮರ, ಅಡುಗೆಮನೆಯ ಕಿಟಕಿಯಿಂದ ನೋಡಿದರೆ ದಿಗಂತದವರೆಗೂ ಹಸಿರು. ಆ ಮನೆಗೆ ಲಕೋಟೆ ಕೊಟ್ಟವರು ಇವರಿಬ್ಬರೇ. ಬೇರೆಯವರು ಯಾಕೆ ಬರಲಿಲ್ಲ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮನೆಯ ಮೇಲೆ ಮನಸ್ಸಾದವರು ಯಾರು ಕೇಳುತ್ತಾರೆ ಹೇಳಿ?

ದಲ್ಲಾಳಿ ಕ್ರಾನೆನ್‌ಬರ್ಗ್ ಮನೆ ತೋರಿಸುವಾಗ ಪಿಸುಗುಟ್ಟುತ್ತಿದ್ದ. ಗಂಟಲು ಕೆಟ್ಟಿರಬೇಕು ಅಂದುಕೊಂಡ ಲುಬ್ಬರ್ಟ್.

"ನಾಲ್ಕು ಕೋಣೆ, ಒಂದು ಕೊಟ್ಟಿಗೆ. ಸದ್ದು ಒಂದು ಕೆಟಲಿನಷ್ಟಿದೆ," ಎಂದ ದಲ್ಲಾಳಿ.

"ಏನಂದ್ರಿ?"

"ಮೆಲ್ಲಗೆ ಸ್ವಾಮಿ, ಮೆಲ್ಲಗೆ. ಈ 'ಏನಂದ್ರಿ'ನೂ ಲೆಕ್ಕಕ್ಕೆ ಬರುತ್ತೆ. ಮನೆಯ ಪಾಲಿಗೆ ಉಳಿದಿರೋದು ಒಂದು ಕೆಟಲು. ಅದೂ ಸೀಟಿ ಹೊಡೆಯೋದಕ್ಕೆ ಮುಂಚೆ ಇಳಿಸಬೇಕು."

ಹಿಂದಿನ ಮಾಲೀಕ ಡೆರ್ಕ್ ಒಂಟಿ ಮನುಷ್ಯ. ಗುರುವಾರಗಳಂದು ತನ್ನ ಹಸುವಿನ ಜೊತೆ ಮಾತಾಡುತ್ತಿದ್ದ. ಹಸು ಸತ್ತ ಮೇಲೆ ಸದ್ದಿನ ಪಾಲು ಸುಮ್ಮನೆ ಬಿದ್ದಿರುವುದು ಯಾಕೆಂದು, ಪಕ್ಕದ ಮನೆಯ ರೂಲಿನಾ ಅಜ್ಜಿಯ ಹುಂಜದ ಹೆಸರಿಗೆ ನೋಂದಣಿ ಮಾಡಿಸಿಕೊಟ್ಟಿದ್ದ. ಅಜ್ಜಿಯನ್ನು ಕೇಳಿ ನೋಡಿ ಎಂದು ಹೇಳಿ ದಲ್ಲಾಳಿ ಬಾಗಿಲನ್ನು, ಅದು ಹತ್ತಿಯದೋ ಎಂಬಂತೆ, ಸದ್ದಿಲ್ಲದೆ ಮುಚ್ಚಿದ.

ಅಜ್ಜಿ ಇಬ್ಬರನ್ನೂ ಕೂರಿಸಿ ಕಾಫಿ ಕೊಟ್ಟಳು. ಬಿಸ್ಕತ್ತಿನ ಡಬ್ಬಿ ತೆಗೆದು ತಲಾ ಒಂದೊಂದು ಕೊಟ್ಟು ಮುಚ್ಚಳ ಹಾಕಿದಳು. ಎರಡನೆಯದು ಕೊಡುವ ಪದ್ಧತಿ ಇಲ್ಲ.

"ಅಜ್ಜೀ, ನಿಮ್ಮ ಹುಂಜದ ಪಾಲಿನಲ್ಲಿ ನಮಗೆ ಸ್ವಲ್ಪ ಬಿಟ್ಟುಕೊಡ್ತೀರಾ? ಮಗು ಬರ್ತಾ ಇದೆ," ಎಂದ ಲುಬ್ಬರ್ಟ್.

"ಯಾವ ಹುಂಜ?"

"ನಿಮ್ಮ ಹುಂಜ."

"ಅದನ್ನ ಸೂಪು ಮಾಡಿ ಎರಡು ವರ್ಷ ಆಯ್ತಲ್ಲಪ್ಪ."

"ಹಾಗಾದ್ರೆ ಅದರ ಪಾಲು?"

"ಪಾಲನ್ನೂ ಸೂಪು ಮಾಡಕ್ಕಾಗುತ್ತಾ? ಜಮೀನಿಗಿಂತ ಜೋರಾಗಿ ಏರ್ತಾ ಇದೆ ಅದರ ಬೆಲೆ. ಮೊಮ್ಮಕ್ಕಳಿಗೆ ಬಿಟ್ಟು ಹೋಗೋಣ ಅಂತ ಇಟ್ಕೊಂಡಿದೀನಿ. ಪಾಪ, ನೀವು ಕಾಫಿ ಕುಡೀರಿ, ಸದ್ದು ಮಾಡ್ದೆ."

ಅಲ್ಲಿಂದ ಪುರಸಭೆಗೆ ಹೋದರು. ಮೌನ ವಿಭಾಗದ ಅಧಿಕಾರಿ ತೆರ್ಹಾರ್ ಮೇಡಂ ಬಹಳ ಸಭ್ಯ ಹೆಂಗಸು. ಕಾಲಿಗೆ ಉಣ್ಣೆಯ ಚಪ್ಪಲಿ ಹಾಕಿಕೊಂಡಿದ್ದಳು. ಅರ್ಜಿ ನಮೂನೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು.

"ಮಗು ಅನ್ನೋ ಕಲಂ ಇಲ್ಲ. ನಾಯಿ ಇದೆ, ಹುಂಜ ಇದೆ, ಟ್ರ್ಯಾಕ್ಟರ್ ಇದೆ. ಬೇಕಾದ್ರೆ ಟ್ರ್ಯಾಕ್ಟರ್ ಅಂತ ಹಾಕೋಣ. ಸುಗ್ಗಿ ಕಾಲದಲ್ಲಿ ವಿನಾಯಿತಿ ಸಿಗುತ್ತೆ."

"ಮಗುವನ್ನ ಟ್ರ್ಯಾಕ್ಟರ್ ಅಂತಾನಾ?"

"ಹೌದು. ಆದರೆ ನಂಬರ್ ಪ್ಲೇಟ್ ಹಾಕಿಸಬೇಕಾಗುತ್ತೆ."

ಹಿಲ್ಕೆಗೆ ತಡೆಯಲಾಗಲಿಲ್ಲ, ಪಕ್ಕನೆ ನಕ್ಕುಬಿಟ್ಟಳು. ಮೇಡಂ ಪೆನ್ನು ತೆಗೆದು, "ಈ ನಗು ಯಾವಾಗಲೂ ಬರುತ್ತಾ, ಅಥವಾ ಇವತ್ತು ಮಾತ್ರವಾ?" ಎಂದು ಕೇಳಿ ಬರೆದುಕೊಂಡಳು. ಕೊನೆಗೆ, ಹುಟ್ಟದೇ ಇರುವ ಮಗುವಿಗೆ ನಿಯಮಾವಳಿ ಅನ್ವಯಿಸುವುದಿಲ್ಲವೆಂದೂ, ಮನೆ ಕೊಳ್ಳಲು ಯಾವ ಅಡ್ಡಿಯೂ ಇಲ್ಲವೆಂದೂ, ಹುಟ್ಟಿದ ಮೇಲೆ ನೋಡೋಣವೆಂದೂ ತಿಳಿಸಿದಳು.

ವಾಪಸು ಬರುವಾಗ ಲುಬ್ಬರ್ಟ್, "ಬಿಟ್ಟುಬಿಡೋಣ್ವಾ?" ಎಂದ.

"ಇಪ್ಪತ್ತೊಂದನೇ ಲಕೋಟೆ ಬರೆಯೋ ಶಕ್ತಿ ನಂಗಿಲ್ಲ ಮಾರಾಯ. ಆ ಕಿಟಕಿ ನೋಡಿದ್ಯಲ್ಲ? ಅಲ್ಲಿ ನಿಂತು ಮಗೂಗೆ ಹಸು ತೋರಿಸ್ಬೇಕು ನಾನು," ಎಂದಳು ಹಿಲ್ಕೆ. ಮನೆ ಕೊಂಡರು. ಕ್ರಯಪತ್ರವನ್ನು ಗಟ್ಟಿಯಾಗಿ ಓದಿ ಹೇಳುವುದು ಕಾನೂನು. ಹಾಲ್ಟರ್‌ವೇನಿನ ಆಸ್ತಿಯಾದ್ದರಿಂದ ನೋಟರಿಯು ತುಟಿ ಮಾತ್ರ ಆಡಿಸಿದ. ಇಬ್ಬರೂ ಅರ್ಥವಾಯಿತೆಂದು ತಲೆಯಾಡಿಸಿ ಸಹಿ ಹಾಕಿದರು.

ಮಗು ಜಿಲ್ಲಾ ಆಸ್ಪತ್ರೆಯಲ್ಲಿ ಹುಟ್ಟಿತು. ಹೆಣ್ಣು. ಫೆನ್ನಾ ಎಂದು ಹೆಸರಿಟ್ಟರು. ಮನೆಗೆ ಬಂದ ವಾರಕ್ಕೆ ನೆರೆಯವರು ಹನ್ನೆರಡು ಮಂದಿ ಮಗು ನೋಡಲು ಬಂದರು. ಮಗು ಹುಟ್ಟಿದ ಮನೆಯಲ್ಲಿ ಬಂದವರಿಗೆ ಬೆಣ್ಣೆ ಹಚ್ಚಿದ ರಸ್ಕು, ಅದರ ಮೇಲೆ ಸೋಂಪಿನ ಸಕ್ಕರೆ ಕಾಳು ಉದುರಿಸಿ ಕೊಡುವುದು ಕಡ್ಡಾಯ. ಹೆಣ್ಣಾದರೆ ಗುಲಾಬಿ ಕಾಳು. ಈಗ ರಸ್ಕು ಅಂದರೆ ಗೊತ್ತಲ್ಲ, ಕಡಿದರೆ ಕರುಂ ಅನ್ನದೆ ಬಿಡುವುದಿಲ್ಲ. ಹನ್ನೆರಡು ಮಂದಿಯೂ ತಟ್ಟೆ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು.

"ಹಾಲಲ್ಲಿ ನೆನೆಸಿ ಕೊಡಲಾ?" ಎಂದ ಲುಬ್ಬರ್ಟ್.

"ಛೆ, ಮೆತ್ತಗಿನ ರಸ್ಕು ತಿಂದ್ರೆ ಮಗೂಗೆ ಅವಮಾನ," ಎಂದಳು ರೂಲಿನಾ ಅಜ್ಜಿ. "ಹನ್ನೆರಡು ಸಲ ಕಡಿದ್ರೆ ಹನ್ನೆರಡು ಸದ್ದು. ಎಲ್ರೂ ಒಟ್ಟಿಗೆ ಕಡಿದ್ರೆ ಒಂದೇ ಸದ್ದು. ನಾನು ಮೂರು ಎಣಿಸ್ತೀನಿ."

ಎಣಿಸಿದಳು. ಒಟ್ಟಿಗೆ ಕಡಿದರು. ಹಿತ್ತಲ ಕಂಬದ ಮೇಲಿದ್ದ ಸದ್ದಿನ ಮಾಪಕದ ಕೆಂಪು ದೀಪ ಹೊತ್ತಿಕೊಂಡಿತು. ತೊಟ್ಟಿಲಲ್ಲಿದ್ದ ಫೆನ್ನಾ ಬೆಚ್ಚಿಬಿದ್ದು, ಹುಟ್ಟಿದಂದಿನಿಂದ ಕೂಡಿಟ್ಟುಕೊಂಡಿದ್ದಳೋ ಎಂಬಂತೆ ಕಿಟಾರನೆ ಅಳಲು ಶುರುಮಾಡಿದಳು. ನೆರೆಯವರು ಬಾಯಲ್ಲಿದ್ದ ರಸ್ಕನ್ನು ನುಂಗದೆ ಹಾಗೇ ಇಟ್ಟುಕೊಂಡು ಸಾಲಾಗಿ ಹೊರಟುಹೋದರು.

ಮೂರನೇ ದಿನ ನೋಟೀಸು ಬಂತು.

"ಸದರಿ ವಿಳಾಸದಲ್ಲಿ ಒಂದು ಮಗು ಇರುವುದು ಕಂಡುಬಂದಿರುತ್ತದೆ. ಸದರಿ ಮಗುವಿನ ಅಳುವು ಮನೆಗೆ ಹಂಚಿಕೆಯಾದ ಪಾಲನ್ನು ಮೀರಿರುವುದರಿಂದ, ಅದನ್ನು ತಕ್ಷಣವೇ ಗ್ರಾಮದ ಗಡಿಯಾಚೆಗೆ ಸ್ಥಳಾಂತರಿಸತಕ್ಕದ್ದು. ಮಗುವನ್ನು ಮನೆಯಲ್ಲಿಯೇ ಇಟ್ಟುಕೊಳ್ಳಲು ಅಭ್ಯಂತರವಿಲ್ಲ."

ಊರ ಹೆಸರಿನ ನೀಲಿ ಫಲಕ ದಾಟಿದರೆ, ಬೀಟ್‌ರೂಟಿನ ಹೊಲದ ಪಕ್ಕ, ಲಾರಿ ನಿಲ್ಲಿಸುವ ಒಂದು ಜಾಗವಿದೆ. ಫೆನ್ನಾಳ ತುಟಿ ಸೊಟ್ಟಗಾದ ಕೂಡಲೇ ಲುಬ್ಬರ್ಟ್ ಅವಳನ್ನು ಎತ್ತಿ ಕಾರಿನಲ್ಲಿ ಹಾಕಿಕೊಂಡು ಅಲ್ಲಿಗೆ ಓಡಿದ. ಹೋಗಿ ನೋಡಿದರೆ ಅರ್ಧ ಊರು ಅಲ್ಲೇ ಇತ್ತು. ಬಡಗಿ ಮೊಳೆ ಹೊಡೆಯುತ್ತಿದ್ದ. ರೂಲಿನಾ ಅಜ್ಜಿ ತನ್ನ ತಂಗಿಯ ಜೊತೆ ಜಗಳವಾಡುತ್ತಿದ್ದಳು; ಜಗಳ ಮುಗಿದ ಮೇಲೆ ಕಾಫಿಗೆ ಇಬ್ಬರೂ ಒಂದೇ ಕಾರಿನಲ್ಲಿ ಮನೆಗೆ ಹೋಗುವವರು. ಒಬ್ಬ ಗಂಡಸು ಸುಮ್ಮನೆ ನಿಂತು ಸೀನುತ್ತಿದ್ದ.

"ಬಂದ್ಯಾ? ನೀವು ಯಾವಾಗ ಬರ್ತೀರಿ ಅಂತ ನೋಡ್ತಾ ಇದ್ವಿ," ಎಂದಳು ಅಜ್ಜಿ. "ಆದ್ರೆ ಹೀಗೆ ಹೇಳದೆ ಕೇಳದೆ ಬರಬಾರದಪ್ಪ. ಮೊದಲೇ ಡೈರಿಯಲ್ಲಿ ಹೊತ್ತು ಬರೆಸಬೇಕು."

ನಮ್ಮವರು ಅಣ್ಣನ ಮನೆಗೆ ಹೋಗಬೇಕಾದರೂ ಡೈರಿ ನೋಡುವವರು. ಅಳುವುದಕ್ಕೆ ಮಂಗಳವಾರ ಹತ್ತೂಕಾಲಿಗೆ, ಶುಕ್ರವಾರ ಮೂರಕ್ಕೆ, ತಲಾ ಐದು ನಿಮಿಷ ಸಿಕ್ಕಿತು. ಹಲ್ಲು ಬರುವ ತಿಂಗಳಿಗೆ ವಿಶೇಷ ಅರ್ಜಿ ಹಾಕಿ ಭಾನುವಾರವನ್ನೂ ಪಡೆದರು. ಹಿಲ್ಕೆ ತನ್ನ ನಗುವಿಗೆಂದು ಬೇರೆ ಸಮಯ ಕೇಳಿ ಪಡೆದಿದ್ದಳು. ಕೆಲವು ತಿಂಗಳ ಮೇಲೆ ಬೇಡ ಎಂದು ವಾಪಸು ಕೊಟ್ಟಳು. ಲುಬ್ಬರ್ಟ್ ಆ ಕಾಗದಕ್ಕೆ ಸಹಿ ಹಾಕುವಾಗ ಅವಳು ಕಿಟಕಿಯ ಬಳಿ ನಿಂತು ಮಗುವಿಗೆ ಹಸು ತೋರಿಸುತ್ತಿದ್ದಳು, ಬೆರಳಿನಿಂದ ಮಾತ್ರ. ಪುರಸಭೆಯು ಲಾರಿ ಜಾಗಕ್ಕೆ ಒಂದು ಬೆಂಚನ್ನೂ ತಗಡಿನ ಸೂರನ್ನೂ ಹಾಕಿಸಿಕೊಟ್ಟಿತು.

ಫೆನ್ನಾಗೆ ಹನ್ನೊಂದು ತಿಂಗಳಾದಾಗ ಒಂದು ಶುಕ್ರವಾರ ಬೆಳಿಗ್ಗೆ ಮೇಜಿನ ಮೂಲೆಗೆ ಹಣೆ ಬಡಿದುಕೊಂಡಳು. ಆಗ ಮಾಪಕ ಪರೀಕ್ಷಿಸಲು ತೆರ್ಹಾರ್ ಮೇಡಂ ಮನೆಗೇ ಬಂದಿದ್ದಳು. ಮಗುವಿನ ಮುಖ ಕೆಂಪಗಾಯಿತು, ಕಣ್ಣು ತುಂಬಿತು, ಬಾಯಿ ಅಗಲವಾಗಿ ತೆರೆಯಿತು. ಏನೂ ಕೇಳಿಸಲಿಲ್ಲ. ಬಾಯಿ ಮುಚ್ಚಿಕೊಂಡು, ಅಂಬೆಗಾಲಿಡುತ್ತ ಬಾಗಿಲ ಬಳಿ ಹೋಗಿ, ಗಡಿಗೆ ಹೋಗುವಾಗ ಹಾಕುವ ತನ್ನ ಪುಟ್ಟ ಬೂಟುಗಳನ್ನು ತಂದು ಅಪ್ಪನ ಕಾಲ ಬಳಿ ಇಟ್ಟಳು.

ಮೇಡಂ ಪೆನ್ನು ತೆಗೆದಳು. "ಪುರಸಭೆಯ ಹತ್ತೊಂಬತ್ತು ವರ್ಷ ಸರ್ವೀಸಿನಲ್ಲಿ ಇಂಥ ನಾಗರಿಕಳನ್ನ ನೋಡಿಲ್ಲ," ಎಂದು ಪಿಸುಗುಟ್ಟಿ, ಅಲ್ಲೇ ಕೂತು ಪ್ರಶಂಸಾಪತ್ರ ಬರೆದುಕೊಟ್ಟಳು. ವಿಷಯ ತಿಳಿದು ದಲ್ಲಾಳಿ ಓಡಿಬಂದು, ಹೀಗೆ ತಯಾರಾದ ಮಗು ಇರುವುದರಿಂದ ಮನೆಯ ಬೆಲೆ ಏರಿದೆಯೆಂದು ಕೈ ಕುಲುಕಿದ. ಹಿಲ್ಕೆ ಪ್ರಶಂಸಾಪತ್ರವನ್ನು ಹಿಡಿದುಕೊಂಡು ಕುರ್ಚಿಯಲ್ಲಿ ಕೂತುಬಿಟ್ಟಳು. ಅದನ್ನು ಗೋಡೆಗೆ ಹಾಕಲು ಮೊಳೆ ಹೊಡೆಯುವ ಹಾಗಿರಲಿಲ್ಲ.

ಮೂರು ಗಂಟೆಗೆ ಸ್ವಲ್ಪ ಮುಂಚೆಯೇ ಲುಬ್ಬರ್ಟ್ ಮಗುವನ್ನು ಕರೆದುಕೊಂಡು ಗಡಿಗೆ ಹೋದ. ಚರ್ಚಿನ ಹಾಡುಗಾರರ ಅಭ್ಯಾಸ ಮುಗಿದಿರಲಿಲ್ಲ, ಕಾಯಬೇಕಾಯಿತು. ಫೆನ್ನಾ ಅಪ್ಪನ ತೊಡೆಯ ಮೇಲೆ, ಹಣೆಯ ಬುಗುಟು ಮುಟ್ಟಿಕೊಳ್ಳುತ್ತ ಕೂತಿದ್ದಳು.

"ನಿಮ್ಮ ಸರದಿ," ಎಂದಳು ರೂಲಿನಾ ಅಜ್ಜಿ.

"ಅಳು ಪುಟ್ಟೀ," ಎಂದ ಲುಬ್ಬರ್ಟ್. "ಈಗ ಅಳಬಹುದು. ಜೋರಾಗಿ ಅಳು."

ಫೆನ್ನಾ ಅವನ ಮುಖ ನೋಡಿದಳು. ಯಾಕೆ ಅಳಬೇಕಿತ್ತು ಎನ್ನುವುದು ಅವಳಿಗೆ ಮರೆತುಹೋಗಿತ್ತು.

ಒಂದು ನಿಮಿಷ ಆಗಲೇ ಕಳೆದಿತ್ತು. ಹಿಂದೆ ಆರು ಜನ ಕಾಯುತ್ತಿದ್ದರು. ಸಿಕ್ಕ ಸಮಯವನ್ನು ಹಾಳು ಮಾಡುವುದು ಸರಿಯಲ್ಲವಾದ್ದರಿಂದ ಲುಬ್ಬರ್ಟ್ ಮಗುವನ್ನು ಬೆಂಚಿನ ಮೇಲೆ ಕೂರಿಸಿ, ಬೀಟ್‌ರೂಟಿನ ಹೊಲದ ಕಡೆ ಮುಖ ಮಾಡಿ ನಿಂತು, ಉಳಿದ ನಾಲ್ಕು ನಿಮಿಷವೂ ತಾನೇ ಗೋಳೋ ಎಂದು ಅತ್ತ. ಸರಿಯಾಗಿ ಮೂರೂ ಐದಕ್ಕೆ ನಿಲ್ಲಿಸಿದ. ಹಿಂದಿದ್ದವರು ಸಮಯಪಾಲನೆಗಾಗಿ ಅವನಿಗೆ ಧನ್ಯವಾದ ಹೇಳಿದರು, ಸೀನುವವನು ಮುಂದೆ ಬಂದ.