ಕಾಕಾನ ರುಮಾಲಿನಲ್ಲೊಂದು ನಾಯಿಮರಿ

ಮುಧೋಳದ ನಮ್ಮ ಓಣಿಯಿಂದ ಮೊದಲು ವಿಮಾನ ಹತ್ತಿದವರು ನಮ್ಮ ಕಾಕಾ ಎಂದು ಊರವರು ಈಗಲೂ ಹೇಳುತ್ತಾರೆ. ಶುದ್ಧ ಸುಳ್ಳು! ಮೊದಲು ಹತ್ತಿದ್ದು ಒಂದು ನಾಯಿಮರಿ. ಅದರ ಹಿಂದೆ ಕಾಕಾ. ಅವರಿಬ್ಬರ ಹಿಂದೆ, ಹಣೆಬರಹಕ್ಕೆ ಹೊಣೆ ಯಾರು, ನಾನು!

ಆಗಿನ್ನೂ ನಮ್ಮೂರು ಮುಂಬೈ ರಾಜ್ಯದಲ್ಲಿತ್ತು. ಕಾಕಾನ ಒಬ್ಬಳೇ ತಂಗಿ, ಅಂದರೆ ನನ್ನ ಸೋದರತ್ತೆಯನ್ನು ಆಫ್ರಿಕಾದ ನೈರೋಬಿಯಲ್ಲಿ ರೇಲ್ವೆ ನೌಕರಿಯಲ್ಲಿದ್ದವರಿಗೆ ಕೊಟ್ಟಿದ್ದರು. ಅಲ್ಲಿ ಅವಳ ಚೊಚ್ಚಲ ಕೂಸು ತೊಟ್ಟಿಲಲ್ಲೇ ಹೋಯಿತು. ಅಂದಿನಿಂದ ಆಕೆ ಬಾಯಿ ಬಿಟ್ಟು ಒಂದು ಮಾತೂ ಆಡಿಲ್ಲ, ಯಾರಾದರೂ ಬನ್ನಿ ಎಂದು ಆಕೆಯ ಗಂಡ, ನಮ್ಮ ಮಾವ, ಕಾಗದ ಬರೆದು ಕಾಕಾನಿಗೂ ಅಜ್ಜಿಗೂ ಟಿಕೀಟು ಮಾಡಿಸಿದರು. ಅಜ್ಜಿ, "ನೆಲಾ ಬಿಟ್ಟು ನಾ ಎಲ್ಲೂ ಬರಾಂಗಿಲ್ಲ" ಎಂದು ಕೂತುಬಿಟ್ಟಳು. ಇಂಗ್ಲಿಷ್ ಬಲ್ಲವನೆಂಬ ಅಪವಾದ ನನ್ನ ಮೇಲಿತ್ತಲ್ಲ, ಆಕೆಯ ಬದಲಿಗೆ ನಾನು ಹೊರಡಬೇಕಾಯಿತು.

ನಾಗರ ಪಂಚಮಿ ಹತ್ತಿರ ಬಂದಿತ್ತು. ಪಂಚಮಿಗೆ ತಂಗಿಯನ್ನು ತವರಿಗೆ ಕರೆತರುವುದು ನಮ್ಮ ಕಡೆ ಅಣ್ಣನ ಕೆಲಸ. ಕಾಕಾ ಹಿತ್ತಲಿನಿಂದ ಒಂದು ನಾಯಿಮರಿ ಎತ್ತಿಕೊಂಡು ಬಂದು, "ಆಕೀನ್ನ ತವರಿಗೆ ತರಾಕ ಆಗೂದಿಲ್ಲ. ತವರನ್ನ ಆಕೀ ಹಂತೇಕ ಒಯ್ತೀನಿ" ಎಂದರು. ಅತ್ತೆ ಮದುವೆಗೆ ಮುಂಚೆ ಹಾಲು ರೊಟ್ಟಿ ಹಾಕಿ ಸಾಕಿದ್ದ ನಾಯಿಯ ಮೊಮ್ಮಗ ಅದು. ಉದ್ದ ಮೂತಿ, ಒಳಸೇರಿದ ಹೊಟ್ಟೆ. ಎಷ್ಟು ತಿನ್ನಿಸಿದರೂ ಏಕಾದಶಿ ಮಾಡಿದಂತೆ ಕಾಣುವ ನಮ್ಮೂರ ತಳಿ.

"ವಿಮಾನದಾಗ ನಾಯಿ ಬಿಡ್ತಾರೇನ್ರೀ ಕಾಕಾ?" ಎಂದೆ.

"ನಿನ್ನನ್ನ ಬಿಡತಾರಂದ ಮ್ಯಾಲೆ ಅದನ್ನ ಯಾಕ ಬಿಡೂದಿಲ್ಲಲೇ?"

ಮರುದಿನದಿಂದ ತರಬೇತಿ ಶುರುವಾಯಿತು. ಪಂಚಮಿಗೆಂದು ಬೇವಿನ ಮರಕ್ಕೆ ಕಟ್ಟಿದ್ದ ಜೋಕಾಲಿಯಲ್ಲಿ ಕಾಕಾ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ಜೋರ ತೂಗಲೇ! ಮ್ಯಾಲ ಗಾಳಿ ಭಾಳ ಇರತೈತಿ!" ನಾನು ತೂಗಿಯೇ ತೂಗಿದೆ. ಮರಿ ಹಾಯಾಗಿ ನಿದ್ದೆ ಹೋಯಿತು. ವಾಂತಿ ಮಾಡಿಕೊಂಡವರು ಕಾಕಾ.

ಕುಡಚಿಯಲ್ಲಿ ರೈಲು ಹತ್ತಿ ಮುಂಬೈಗೆ ಹೋದೆವು. ವಿಮಾನ ನಿಲ್ದಾಣದ ಅಧಿಕಾರಿ, ನಾಯಿಯನ್ನು ಪೆಟ್ಟಿಗೆಯೊಳಗಿಟ್ಟು ಸಾಮಾನಿನ ಜೊತೆ ಕೆಳಗೆ ಹಾಕಬೇಕೆಂದ.

"ಸಾಮಾನಾ? ಮನೀ ಮಗಾ ಅಂತ ಹೇಳಲೇ ಅಂವಗ!"

ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಆತ ಕಾಕಾನ ಮೂಗನ್ನೂ ಮರಿಯ ಮೂತಿಯನ್ನೂ ನೋಡಿ, ಹೋಲಿಕೆ ಇದೆ ಎಂದ! ಆದರೆ ಪೆಟ್ಟಿಗೆ ಮಾತ್ರ ತಪ್ಪಲಿಲ್ಲ. ಆಗ ಕಾಕಾ ತಲೆಯ ಮೇಲಿನ ರುಮಾಲು ಬಿಚ್ಚಿ, ಮರಿಗೆ ಸುತ್ತಿ, ಪೆಟ್ಟಿಗೆಯಲ್ಲಿ ಮಲಗಿಸಿದರು. ನಮ್ಮ ಕಡೆ ಹಿರಿಯರು ಬರಿ ತಲೆಯಲ್ಲಿ ಹೊರಬಿದ್ದರೆ ಮನೆಯಲ್ಲಿ ಸಾವಾಗಿದೆ ಎಂದೇ ತಿಳಿಯುತ್ತಾರೆ.

"ಕಾಕಾ, ಬರಿ ತಲೀರೀ!"

"ಮ್ಯಾಲ ಮುಗಲಾಗ ನನ್ನ ತಲಿ ಯಾರು ನೋಡತಾರಲೇ?"

ವಿಮಾನ ಏರಿದ್ದೇ ತಡ, ಕಾಕಾ ಸೀಟು ಬಿಟ್ಟು ನಡುದಾರಿಯಲ್ಲಿ ಬೋರಲು ಮಲಗಿ ನೆಲಕ್ಕೆ ಕಿವಿ ಹಚ್ಚಿದರು. ಗಗನಸಖಿ ಚೀರಿಯೇಬಿಟ್ಟಳು. ಸುತ್ತಲಿನವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ! ಭೂಮಿ ಬಾಯಿ ಬಿಡಬಾರದೇ ಎನ್ನೋಣವೆಂದರೆ ಭೂಮಿಯೂ ಕೈಗೆಟುಕುವ ಹಾಗಿರಲಿಲ್ಲ. ಎಂಜಿನ್ನಿನ ಗುರ್ ಗುರ್ ಕೇಳಿ ಕಾಕಾ ತಲೆ ಎತ್ತಿ ನಕ್ಕರು. "ಛಲೋ ಗೊರಕಿ ಹೊಡ್ಯಾಕತ್ತಾನ!"

ಆ ನಗು ನೈರೋಬಿಯವರೆಗೆ ಬಾಳಲಿಲ್ಲ. ಪೆಟ್ಟಿಗೆ ಕೈಗೆ ಬಂದಾಗ ಕಾಕಾ ಅದರ ತೂತಿಗೆ ಬಾಯಿಟ್ಟು ಕರೆದರು. ಸಪ್ಪಳವಿಲ್ಲ. ಮೆಲ್ಲಗೆ ತಟ್ಟಿದರು. ಊಹೂಂ.

"ತಗದು ನೋಡೂಣ್ರೀ" ಎಂದೆ.

"ಬ್ಯಾಡ" ಎಂದರು ಕಾಕಾ. "ತಗೀಲಿಲ್ಲಂದ್ರ ಮನೀ ಮುಟ್ಟೂತನಕಾರೆ ಅಂವ ಜೀವಂತ ಇರತಾನ."

ಕರೆದೊಯ್ಯಲು ಬಂದಿದ್ದ ಮಾವನ ಮೋಟಾರಿನಲ್ಲಿ ಕಾಕಾ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕೂಸು ಕಳಕೊಂಡವಳ ಮುಂದೆ ಸತ್ತ ಮರಿಯನ್ನು ಹೇಗೆ ಇಡುವುದು? ಇಷ್ಟು ದಿನ ಕಾಕಾನನ್ನು ನೋಡಿ ನಕ್ಕಿದ್ದ ನನಗೆ ಆಗ ಅಳು ಒತ್ತರಿಸಿ ಬಂತು.

ಅತ್ತೆ ಬಾಗಿಲಲ್ಲಿ ನಿಂತಿದ್ದಳು, ಅರ್ಧ ಇಳಿದುಹೋಗಿದ್ದಳು. ಎದುರಿಗೆ ಕಾಕಾ: ಎದೆಗವಚಿದ ಪೆಟ್ಟಿಗೆ, ತುಂಬಿದ ಕಣ್ಣು, ಬರಿ ತಲೆ. ಅತ್ತೆ ಆ ತಲೆಯನ್ನು ನೋಡಿದಳು.

"ಅಣ್ಣಾ... ಅವ್ವಗ ಏನಾತೋ?"

ಎಷ್ಟೋ ದಿನಗಳ ಮೇಲೆ ಆಕೆಯ ದನಿ ಕೇಳಿ ಮಾವ ಗೋಡೆ ಹಿಡಿದುಕೊಂಡರು. ನಾನೇ ಕೂಗಿದೆ: "ಅಜ್ಜಿ ಅರಾಮ ಅದಾಳ್ರೀ ಅತ್ತಿ! ರುಮಾಲಾ ಪೆಟಿಗ್ಯಾಗ ಐತಿ!"

ಅಷ್ಟರಲ್ಲಿ, ಅವಳ ದನಿ ಕೇಳಿಯೋ ಏನೋ, ಪೆಟ್ಟಿಗೆಯೊಳಗೆ ಏನೋ ಕೆರೆದ ಸದ್ದಾಯಿತು. ಆಮೇಲೆ ಸಣ್ಣಗೆ ಕುಂಯ್ ಎಂದಿತು. ಮಾವ ಮುಚ್ಚಳ ಕಿತ್ತರು. ಕಾಕಾನ ರುಮಾಲನ್ನು ಪೂರ್ತಿ ತೋಯಿಸಿ, ನಿದ್ದೆ ಕೆಟ್ಟ ಸಿಟ್ಟಿನಲ್ಲಿ ಮರಿ ಎದ್ದು ಕೂತಿತು. ಅತ್ತೆ ಅದನ್ನೆತ್ತಿ ಎದೆಗೊತ್ತಿಕೊಂಡು, ಕೂಸು ಹೋದಂದಿನಿಂದ ಅಳದೆ ಉಳಿದಿದ್ದನ್ನೆಲ್ಲ ಅತ್ತಳು.

ಕಾಕಾ ಒಳಗೆ ಕಾಲಿಡಲು ಹೋದರು.

"ನಿಂದ್ರಣ್ಣಾ. ಬರಿ ತಲೀಲೆ ನನ್ನ ಹೊಸ್ತಲಾ ದಾಟಬ್ಯಾಡ."

ರುಮಾಲು ಸುತ್ತಿಕೊಳ್ಳುವ ಹಾಗಿರಲಿಲ್ಲ. ಅತ್ತೆ ತನ್ನ ಸೆರಗನ್ನೇ ಎಳೆದು ಅಣ್ಣನ ತಲೆಗೆ ಹೊದಿಸಿದಳು. ಅದರ ಕೆಳಗೆ ಕಾಕಾ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅತ್ತೆ ಒಂದು ಕೈಯಲ್ಲಿ ಮರಿಯ ಬೆನ್ನು ಸವರುತ್ತಾ ಹೇಳುತ್ತಿದ್ದಳು:

"ಸುಮ್ಮನಿರೋ, ಹೆದರಬ್ಯಾಡ. ಮನೀಗೇ ಬಂದೀದಿ."