ಮೂಲೆಕೋಣೆಯ ಅಣಬೆ ಬೆಳೆ

ಕಳೆದ ಎಳ್ಳಮಾವಾಸ್ಯೆಗೂ ಅದರ ಹಿಂದಿನ ಐದು ವಾರಗಳಿಗೂ ಸೇರಿದ ಸಂಗತಿಗಳಿವು. ಶಿಸ್ತಿನಿಂದ ಆರಂಭಿಸಿದ ಕೆಲಸವೇ ನಮ್ಮ ಮನೆಯಲ್ಲಿ ನಗೆಪಾಟಲಾಗುವುದು ಹೊಸದೇನಲ್ಲ.

ರಾಯಚೂರಿನ ನನ್ನ ಮನೆಯ ಮೇಲಂತಸ್ತಿನಲ್ಲಿ ದೇವದುರ್ಗದ ಅತ್ತೆ, ಸೊಸೆ ಬಾಡಿಗೆಗಿದ್ದಾರೆ. ಸೊಸೆಯ ಹೊಲಿಗೆ ಕೆಲಸ ನಿಂತುಹೋಗಿತ್ತು. ನನ್ನ ಮೂಲೆಕೋಣೆಯಲ್ಲಿ ಅವಳಿಗೆ ಅಣಬೆ ಬೆಳೆಯಲು ಕಲಿಸಿದೆ. ಮಾನ್ವಿಯ ಖಾನಾವಳಿಯ ಯಜಮಾನರು ಮೊದಲ ಬೆಳೆಯನ್ನು ನೋಡಿ ಒಪ್ಪಿದರೆ ಅವಳಿಗೆ ದುಡಿಮೆ, ಇಲ್ಲವಾದರೆ ಇಲ್ಲ.

ಬೀಜ

ಅಣಬೆಯ ಬೀಜವೆಂದರೆ ಬಿಳಿಯ ನೂಲು ಹಬ್ಬಿದ ಜೋಳದ ಕಾಳು. ಪೊಟ್ಟಣವನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಬಂದಾಗ ಅದು ಖಾಲಿ.

“ಅಂಗಡ್ಯಾಂವ ನಿಮಗ ಮೋಸ ಮಾಡ್ಯಾನ್ರೀ ಅಕ್ಕಾರ,” ಎಂದರು ಅತ್ತೆ. “ಜ್ವಾಳೆಲ್ಲ ಬೂಸು ಹಿಡಿದಿತ್ತು. ಮೂರು ನೀರಾಗ ತೊಳದು ಮಾಳಿಗಿ ಮ್ಯಾಲ ಒಣ ಹಾಕೀನಿ.”

“ಆ ಬೂಸೇ ಬೀಜ!”

“ಹೌದೇನ್ರೀ? ಹಂಗಾರ ತಿರುಗಿ ಬೂಸು ಹಿಡಿಯೋತನಕ ತೆಗದಿಡ್ತೀನಿ, ಬಿಡ್ರಿ.”

ಹೊಸ ಪೊಟ್ಟಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಹುಲ್ಲು

ಕಲ್ಮಲದ ಹಾಲಿನವನು ಭತ್ತದ ಹುಲ್ಲು ತಂದುಕೊಟ್ಟ. ಅದನ್ನು ತುಂಡರಿಸಿ, ನೆನೆಸಿ, ಸ್ನಾನದ ಹಂಡೆಯಲ್ಲಿ ಬೇಯಿಸಿ, ಹಿಂಡಿದರೆ ಹನಿ ಬೀಳದಷ್ಟು ಬಸಿದು, ಒಗೆದ ಬಟ್ಟೆಯ ಮೇಲೆ ಹರಡಿದೆ. ಮರುದಿನ ಹಾಲು ತಂದವನು, ಹುಲ್ಲು ಬೇಯಿಸಿದ್ದೆಂದು ಕೇಳಿ, ಅದನ್ನು ಮೂಸಿ ನೋಡಿದ.

“ಯವ್ವಾ, ಈ ಸುದ್ದಿ ಹೊರಗ ಹೋಗಬಾರದು ನೋಡ್ರಿ. ನಮ್ಮ ಎಮ್ಮಿಗೋಳಿಗೆ ಗೊತ್ತಾದರ ನಾಳಿಂದ ಅವೂ ಬಿಸಿ ಹುಲ್ಲ ಬೇಕಂತಾವ.”

ಚರಗ

ಹುಲ್ಲು, ಬೀಜ ತುಂಬಿದ ಚೀಲಗಳನ್ನು ಮೂಲೆಕೋಣೆಯಲ್ಲಿ ತೂಗುಹಾಕಿದೆವು. ಕೊಳೆ ತಗುಲಿದರೆ ಬೆಳೆ ಕೆಡುತ್ತದೆಂದು, ಕೈಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ಎಳ್ಳಮಾವಾಸ್ಯೆಯ ಹೊತ್ತಿಗೆ ಬಿಳಿಯ ಗೊಂಚಲುಗಳು ಅರಳಿದವು. ಅಂದೇ ಖಾನಾವಳಿಯ ಯಜಮಾನರು ಬೆಳೆ ನೋಡಲು ಬಂದರು. ಬಾಗಿಲು ತೆರೆದೆ. ನೆಲದ ತುಂಬ ಸಜ್ಜೆಯ ಕಡುಬು, ಪುಂಡಿಪಲ್ಯ, ಅನ್ನ!

“ಬೆಳಿ ಅಂದಮ್ಯಾಲ ಚರಗ ಚೆಲ್ಲಬ್ಯಾಡೇನ್ರೀ?” ಎಂದರು ಅತ್ತೆ. ಎಳ್ಳಮಾವಾಸ್ಯೆಯಂದು ಹೊಲದ ಬೆಳೆಗೆ ಎರಚುವ ಎಡೆಯನ್ನು ನನ್ನ ಕೋಣೆಗೂ ಎರಚಿದ್ದರು. “ಕೈಕಾಲು ತೊಳಕೊಂಡ ಒಳಗ ಹೋಗೀನ್ರೀ ಮತ್ತ.”

ಸೊಸೆಯ ಮುಖ ಬಾಡಿತು. ಯಜಮಾನರು ಬಗ್ಗಿ ನೋಡಿ, ಗಂಭೀರವಾಗಿ ಕೇಳಿದರು: “ಚೆಲ್ಲೋ ಮುಂದ ಕೂಗಿದ್ರೇನು?”

“ಇಲ್ರಿ. ಅಕ್ಕಾರು ಬೈತಾರಂತ ಸುಮ್ನ ಚೆಲ್ಲಿದೆ.”

“ಕೂಗಲಾರದ್ದು ಎಂಥಾ ಚರಗ? ಬೆಳಿ ಯಾರದು?”

ಇಬ್ಬರೂ ನನ್ನತ್ತ ಬೊಟ್ಟು ಮಾಡಿದರು.

“ಕೂಗ್ರೀ ಅಕ್ಕಾರ. ಕೂಗಿದ ಬೆಳಿ ಆದರ ವಾರ ವಾರ ಒಯ್ತೀನಿ.”

ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಮೆಲುದನಿ. ಸೊಸೆಯ ಮುಖ ನೋಡಿದೆ. ಸೆರಗು ಸರಿಪಡಿಸಿಕೊಂಡೆ, ಕನ್ನಡಕ ತೆಗೆದೆ.

“ಹುಲ್ಲುಲ್ಲಿಗ್ಯೋ!” ಎಂದು ಚರಗದ ಕೂಗು ಹಾಕಿದೆ.

“ಚಲ್ಲಾಂಬ್ರಿಗ್ಯೋ!” ಎಂದು ವಾಡಿಕೆಯ ಮರುಕೂಗು ಬಂತು: ಮೂವರಿಂದಲೂ, ಎದುರು ಮನೆಯಿಂದಲೂ, ರಸ್ತೆಯಲ್ಲಿ ಹೋಗುತ್ತಿದ್ದ ಆಟೋದಿಂದಲೂ.

ಹಾಜರಿದ್ದವರು: ಅತ್ತೆ ಹುಲಿಗೆಮ್ಮ, ಸೊಸೆ ರೇಣುಕಾ, ಖಾನಾವಳಿಯ ಶರಣಪ್ಪ, ಮತ್ತು ಕೂಗಿ ಗಂಟಲು ಕಟ್ಟಿದ ನಾನು, ಕಮಲಾಬಾಯಿ.