ನಳದ ನೀರಿನ ಮೇಲೆ ನಿಂತ ಕಂಬ

ಕಮಳಾಬಾಯಿ: ವಾರಕ್ಕೊಮ್ಮೆ ನಳ ಬರ್ತದ, ಅದನ್ನೂ ಆ ಪೈಪಿಗೆ ಕುಡಸಾಕತ್ತೀರಲ್ರಿ! ಮೊದಲ ಮೋಟರ್ ಬಂದ್ ಮಾಡ್ರಿ.

ಉತ್ತಮ: ಜರಾ ತಡಿ ಕಮಳಾ. ಕಂಬ ಇನ್ನೂ ಅರ್ಧಕ್ಕ ನಿಂತದ.

ಬಸವಕಲ್ಯಾಣದ ಆ ಗಲ್ಲಿಯಲ್ಲಿ ನಳ ಬಂದ ದಿನ ಸತ್ತವರನ್ನು ಬಿಟ್ಟು ಉಳಿದವರೆಲ್ಲ ಕೊಡ ಹಿಡಿದು ನಿಲ್ಲುತ್ತಾರೆ. ಕಮಳಾಬಾಯಿಯ ಗಂಡ ಉತ್ತಮ ಮಾತ್ರ ಮೈಕು ಹಿಡಿಯುವವನು, ಮನೆಯಿಂದಲೇ ದೂರದೂರಿನವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೊದ ಹುಚ್ಚ. ಅಂಗಳದಲ್ಲಿ ಒಂದರೊಳಗೊಂದು ಪೈಪು ಸೇರಿಸಿ ನಿಲ್ಲಿಸಿದ್ದ. ನಳಕ್ಕೆ ಮೋಟರ್ ಹಚ್ಚಿ ಕೆಳಗಿನಿಂದ ನೀರು ನೂಕಿದರೆ ಒಳಗಿನ ಪೈಪು ತುದಿಯಲ್ಲಿ ಆಂಟೆನಾ ಹೊತ್ತು ಮೇಲೇಳುತ್ತಿತ್ತು. ಏಳುವುದೇನೋ ನಿಜ. ಆದರೆ ವಾಶರಿನ ಸಂದಿಯಿಂದ ನೀರು ಸೋರಿ ಗಟಾರ ಸೇರುತ್ತಿತ್ತು. ಮೋಟರ್ ನಿಂತರೆ ಕಂಬ ಕೂರುತ್ತದೆ; ನಡೆದರೆ ಗಲ್ಲಿಯ ಉಳಿದ ನಳಗಳೆಲ್ಲ ಬರೀ ಗಾಳಿ ಊದುತ್ತವೆ.

ಕಮಳಾಬಾಯಿ: ಮೊದಲ ಹಗ್ಗ ಜಗ್ಗಿ ಎತ್ತತಿದ್ದಿರಲ್ಲ?

ಉತ್ತಮ: ಅದಕ್ಕ ನಾಕು ಮಂದಿ ಬೇಕು.

ಕಮಳಾಬಾಯಿ: ಹೋದ ಸಲ ಕಂಬ ಎದುರಮನಿ ಸಿರಾಜುದ್ದೀನರ ತಗಡಿನ ಮ್ಯಾಲ ಕೆಡವಿದ್ರಿ. ಇನ್ನ ಎಲ್ಲಿ ಮಂದಿ? ನಿಮ್ಮ ಕೈಯಾಗ ಹಗ್ಗ ಕಂಡ್ರ ಗಲ್ಲಿ ಬದಲಸ್ತಾರ.

ಉತ್ತಮ: ಅದಕ್ಕೇ ನೀರಿನ ಪ್ರೆಶರ್! ಹುಮನಾಬಾದಿನ ನನ್ನ ರೇಡಿಯೊ ದೋಸ್ತ ನಾಗನಾಥನೂ ಹಿಂಗ ಎತ್ತ್ಯಾನ. ಇವತ್ತ ನನ್ನ ದನಿ ಅವಗ ಮುಟ್ಟಲಿಲ್ಲಂದ್ರ ರೇಡಿಯೊ ಮಂದ್ಯಾಗ ನನ್ನ ಇಜ್ಜತ್ ಹೋಗ್ತದ.

ಕಮಳಾಬಾಯಿ: ನಾಳೆ ಮಂದಿ ಮನಿಗೆ ನೀರು ಬೇಡಾಕ ಹೋದ್ರ ನನ್ನ ಇಜ್ಜತ್ ಉಳೀತದೇನು? ಕಿಸೆದಾಗ ಫೋನ್ ಅದ, ಮಾತಾಡ್ರಲ್ಲ ಅವನ ಸಂಗಾಟ!

ಉತ್ತಮ: ಫೋನಿನ್ಯಾಗ ಯಾರ್ ಬೇಕಾದ್ರೂ ಮಾತಾಡ್ತಾರ. ಅದರಾಗೇನು ಶಾಣ್ಯಾತನ?

ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡು ಪಕ್ಕದ ಮನೆಯ ವಜೀರಬಿ ಬಂದಳು. ಏರುತ್ತಿದ್ದ ಪೈಪು ನೋಡಿ ಅವಳ ಪಿತ್ತ ನೆತ್ತಿಗೇರಿತು.

ವಜೀರಬಿ: ಅರೆ ಅಲ್ಲಾ! ಉತ್ತಮ ಭಾಯಿ, ನಮ್ಮ ನಳಕ್ಕ ಹನಿ ಇಲ್ಲ, ನೀವು ಆಕಾಶದಾಗ ನೀರಿನ ಟಾಕಿ ಕಟ್ಟಾಕತ್ತೀರೇನು?

ಉತ್ತಮ: ಟಾಕಿ ಅಲ್ಲ ಆಪಾ, ಆಂಟೆನಾ.

ವಜೀರಬಿ: ಟಿವಿಗೂ ನೀರು ಕುಡಸ್ತಾರೇನು?

ಉತ್ತಮ: ಟಿವಿದಲ್ಲ! ನಾಳೆ ಪ್ರವಾಹ ಬಂತು, ಫೋನ್ ಎಲ್ಲಾ ಬಂದ್ ಆದ್ವು ಅಂತ ತಿಳೀರಿ. ಆವಾಗ ಈ ಕಂಬನೇ ಗತಿ.

ವಜೀರಬಿ: ಕುಡ್ಯಾಕ ನೀರಿಲ್ಲ, ಇವ್ರಿಗೆ ಪ್ರವಾಹದ ಫಿಕರ್!

ಕಮಳಾಬಾಯಿ: ಪ್ರವಾಹ ತಾನಾಗೇ ಬರೂದಿಲ್ಲಂತ ಗಟಾರದಾಗಿಂದ ತರಸಾಕತ್ತಾರ, ನೋಡ್ರಿ.

ಅಷ್ಟರಲ್ಲಿ ಕಂಬ ಪೂರ್ತಿ ಎದ್ದು ನಿಂತಿತು. ಉತ್ತಮ ಗಂಟಲು ಸರಿಮಾಡಿಕೊಂಡು ಮೈಕಿನ ಗುಂಡಿ ಒತ್ತಿದ.

ಉತ್ತಮ: ನಾಗನಾಥ, ನನ್ನ ದನಿ ಕೇಳಾಕತ್ತದೇನು?

ನಾಗನಾಥ (ರೇಡಿಯೊದಲ್ಲಿ): ಕೇಳಾಕತ್ತದ! ನಂದು ಕೇಳಾಕತ್ತದೇನು?

ಉತ್ತಮ: ಬರಾಬರ್ ಕೇಳಾಕತ್ತದ! ನಂದು?

ವಜೀರಬಿ: ಯಾ ಅಲ್ಲಾ, ಇಷ್ಟಕ್ಕೇನು?

ನಾಗನಾಥ: ನಿಂದೂ ಬರಾಬರ್...

ಅವನ ಹಿಂದಿನಿಂದ ಒಂದು ಹೆಣ್ಣುದನಿ ಅಪ್ಪಳಿಸಿತು: “ಒಂದು ಕೊಡ ನೀರಿಲ್ಲ ಮನ್ಯಾಗ! ನಿಮ್ಮ ಕಂಬಕ್ಕ ಕೊಳ್ಳಿ ಇಡ್ಲಿ!”

ಕಮಳಾಬಾಯಿಯ ಮುಖ ಅರಳಿತು. ಗಂಡನ ರೇಡಿಯೊದಲ್ಲಿ ಅರ್ಥವಾಗುವ ಮಾತು ಬಂದದ್ದು ಇದೇ ಮೊದಲು. ಮೈಕು ಕಸಿದುಕೊಂಡು ತಾನೇ ಗುಂಡಿ ಒತ್ತಿದಳು.

ಕಮಳಾಬಾಯಿ: ಅಕ್ಕಾರೆ, ನಾ ಕಲ್ಯಾಣದಿಂದ ಮಾತಾಡಾಕತ್ತೇನಿ. ಬರೇ ಬೈದ್ರ ಇಳಿಯೂದಿಲ್ರಿ ಅದು. ಬುಡದಾಗ ಒಂದು ವಾಲ್ ಇರ್ತದ ನೋಡ್ರಿ. ಬಾಯಿಗೆ ಕೊಡ ಹಿಡದು ಪೂರಾ ತಿರುವ್ರಿ!

ಉತ್ತಮ: ಕಮಳಾ! ಲೈಸೆನ್ಸ್ ಇಲ್ದ ಮಾತಾಡಬಾರದು! ಅದಕ್ಕ ಪರೀಕ್ಷಾ ಪಾಸಾಗಬೇಕು!

ಕಮಳಾಬಾಯಿ: ನೀವು ಪಾಸಾದವರು ಏನ್ ಮಾತಾಡಿದ್ರಿ? ನಂದು ಕೇಳಾಕತ್ತದೇನು, ನಿಂದು ಕೇಳಾಕತ್ತದೇನು!

ಹುಮನಾಬಾದಿನಿಂದ “ಏ ಬ್ಯಾಡ, ಬ್ಯಾಡ, ಇಳ್ಯಾಕತ್ತದ!” ಎಂದು ನಾಗನಾಥ ಕೂಗಿದ್ದು ಕೇಳಿತು. ಮೆಲ್ಲಗೆ ಆ ಕೂಗೂ ಗೊರಗೊರ ಸದ್ದಿನಲ್ಲಿ ಮುಳುಗಿತು. ಕಮಳಾಬಾಯಿ ಮೋಟರ್ ಬಂದ್ ಮಾಡಿ ಅಂಗಳದ ವಾಲ್ ತಿರುವಿದಳು. ವಜೀರಬಿ ಕೊಡ ಒಡ್ಡಿದಳು.

ಉತ್ತಮ: ಹೋತು. ಹುಮನಾಬಾದಿನ ದನಿ ಹೋತು!

ಕಮಳಾಬಾಯಿ: ಹೋಗ್ಲಿ ಬಿಡ್ರಿ. ಹುಮನಾಬಾದಿನಾಕಿ ಒದರೂದು ಕೇಳಾಕ ನಲವತ್ತು ಫೂಟ್ ಏರಬೇಕಾತು. ನಿಮ್ಮ ಮಗ್ಗಲದಾಗ ನಿಂತು ನಾ ಇಷ್ಟು ವರ್ಷ ಒದರಾಕತ್ತೇನಿ, ಅದು ಕೇಳಾಕ ಎಷ್ಟು ಫೂಟಿನ ಕಂಬ ಬೇಕ್ರಿ ನಿಮಗ?